ಮಂತ್ರವೂ ಕೇಳಬೇಕು, ಗಟ್ಟಿಮೇಳವೂ ಒಡೆಯಬಾರದು: ವಿಡಿಯೊ ಎಡಿಟಿಂಗ್‌ಗೆ ಆಡಿಯೊ ಮೀಟರ್ ಆರಿಸುವುದು, ಬಳಸುವುದು

ಮದುವೆ ವಿಡಿಯೊ ಕೊಟ್ಟು ಎರಡು ದಿನ ಆಗಿತ್ತು. ಮದುಮಗಳ ಅಮ್ಮ ಫೋನ್ ಮಾಡಿದರು. "ವಿಡಿಯೊ ಚೆನ್ನಾಗಿ ಬಂದಿದೆ ಕಣಪ್ಪಾ. ಆದ್ರೆ ಪುರೋಹಿತರ ಮಂತ್ರ ಒಂದೂ ಕೇಳಲ್ಲ. ಟಿವಿ ಸೌಂಡ್ ಜಾಸ್ತಿ ಮಾಡ್ಕೊಂಡು ಕೂತಿದ್ವಿ. ಗಟ್ಟಿಮೇಳ ಶುರುವಾಯ್ತು ನೋಡು, ಮಲಗಿದ್ದ ಮಗು ಬೆಚ್ಚಿಬಿದ್ದು ಎದ್ದುಬಿಡ್ತು. ನಮ್ಮನೆಯವರು ರಿಮೋಟ್ ಹುಡುಕೋಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು."

ನಾನು ಎಡಿಟ್ ಮಾಡುವಾಗ ಎಲ್ಲ ಸರಿಯಾಗೇ ಕೇಳಿತ್ತು. ಮತ್ತೆ ಟೈಮ್‌ಲೈನ್ (ಎಡಿಟಿಂಗ್‌ನಲ್ಲಿ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ತೆರೆದು ಕೂತಾಗ ಕಾರಣ ಗೊತ್ತಾಯಿತು. ಹೆಡ್‌ಫೋನ್ ಹಾಕಿಕೊಂಡಿದ್ದೆ, ಎಡಗೈ ವಾಲ್ಯೂಮ್ ಗುಂಡಿಯ ಮೇಲಿತ್ತು. ಮಂತ್ರ ಬಂದಾಗ ಕೈ ತಾನಾಗಿ ಜಾಸ್ತಿ ಮಾಡುತ್ತಿತ್ತು. ಓಲಗ ಬಂದಾಗ ಕಮ್ಮಿ ಮಾಡುತ್ತಿತ್ತು. ಟೈಮ್‌ಲೈನಿನಲ್ಲಿ ಮಾಡಬೇಕಾದ ಕೆಲಸವನ್ನು ನನ್ನ ಕೈ ಗುಂಡಿಯಲ್ಲೇ ಮಾಡಿಬಿಟ್ಟಿತ್ತು. ಫೈಲಿನಲ್ಲಿ ಏನೂ ಬದಲಾಗಿರಲಿಲ್ಲ.

ಕಿವಿ ಬಹಳ ಬೇಗ ಹೊಂದಿಕೊಳ್ಳುತ್ತದೆ. ಹತ್ತು ನಿಮಿಷ ಜೋರು ಸದ್ದು ಕೇಳಿದರೆ ಅದೇ ಸಹಜ ಅನ್ನಿಸುತ್ತದೆ. ನಾಲ್ಕು ಗಂಟೆ ಕೂತು ಕೆಲಸ ಮಾಡಿದ ಮೇಲಂತೂ ಕಿವಿ ಹೇಳಿದ್ದನ್ನು ಪೂರ್ತಿ ನಂಬುವ ಹಾಗಿಲ್ಲ. ಮೀಟರ್‌ಗೆ ಸುಸ್ತಾಗುವುದಿಲ್ಲ. ಆದರೆ ಮೀಟರ್‌ಗಳಲ್ಲಿ ನಾಲ್ಕೈದು ಜಾತಿ ಇವೆ, ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಮ್ಮ ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಿರಬೇಕು. ಅದಿಲ್ಲದೆ ಹಸಿರು ಪಟ್ಟಿ ಕುಣಿಯುವುದನ್ನು ನೋಡುತ್ತಾ ಕೂತರೆ ಉಪಯೋಗವಿಲ್ಲ.

ಸೊನ್ನೆ ಅಂದರೆ ಚಾವಣಿ

ಕ್ಯಾಮೆರಾ, ರೆಕಾರ್ಡರ್, ಎಡಿಟಿಂಗ್ ಸಾಫ್ಟ್‌ವೇರ್, ಎಲ್ಲದರ ಮೀಟರಿನಲ್ಲೂ ತುದಿಯಲ್ಲಿ 0 ಇರುತ್ತದೆ. ಅದರ ಕೆಳಗೆ ಮೈನಸ್ ಅಂಕಿಗಳು. ಇಲ್ಲಿ 0 ಅಂದರೆ ಸದ್ದೇ ಇಲ್ಲ ಅಂತಲ್ಲ, ಇನ್ನು ಮೇಲೆ ಹೋಗಲು ಜಾಗ ಇಲ್ಲ ಅಂತ. ಡಿಜಿಟಲ್ ಆಡಿಯೊದಲ್ಲಿ ಬರೆದಿಡಲು ಸಾಧ್ಯವಿರುವ ಅತಿ ದೊಡ್ಡ ಅಂಕಿ ಅದು. ಈ ಅಳತೆಗೆ ಡಿಬಿಎಫ್‌ಎಸ್ ಅಂತ ಹೆಸರು. ಚಾವಣಿಗೆ ತಾಗಿದ ಅಲೆಯ ತಲೆ ಚಪ್ಪಟೆಯಾಗುತ್ತದೆ. ಸೌಂಡ್ ಒಡೀತಿದೆ ಅನ್ನುತ್ತೇವಲ್ಲ, ಅದು ಇದೇ. ಸಾಫ್ಟ್‌ವೇರ್‌ನಲ್ಲಿ ಇದನ್ನು ಕ್ಲಿಪ್ಪಿಂಗ್ ಅನ್ನುತ್ತಾರೆ.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. 6 ಡಿಬಿ, ಅಂದರೆ 6 ಡೆಸಿಬೆಲ್, ಇಳಿದರೆ ಅಲೆಯ ಎತ್ತರ ಅರ್ಧ ಆಗುತ್ತದೆ. ಮೈನಸ್ 6 ಅರ್ಧ, ಮೈನಸ್ 12 ಕಾಲು ಭಾಗ. ಆದರೆ ಕಿವಿಗೆ ಸದ್ದು ಅರ್ಧಕ್ಕೆ ಇಳಿಯಿತು ಅನ್ನಿಸಬೇಕಾದರೆ ಸುಮಾರು 10 ಡಿಬಿ ಇಳಿಯಬೇಕು. ಕಣ್ಣಿಗೆ ಕಾಣುವ ಅಲೆಗೂ ಕಿವಿಗೆ ಅನ್ನಿಸುವ ಜೋರಿಗೂ ನೇರ ಸಂಬಂಧ ಇಲ್ಲ ಅನ್ನುವುದು ಇಲ್ಲೇ ಶುರುವಾಗುತ್ತದೆ.

ಶೂಟಿಂಗ್ ಮಾಡುವಾಗ ಮಾತಿನ ಪೀಕ್, ಅಂದರೆ ಅಲೆಯ ಅತಿ ಎತ್ತರದ ತುದಿ, ಮೈನಸ್ 12ರ ಆಸುಪಾಸಿನಲ್ಲಿ ಇರುವಂತೆ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಇಡಿ. ಕ್ಯಾನನ್ ಕ್ಯಾಮೆರಾಗಳ ಕೈಪಿಡಿಯಲ್ಲೂ ಇದನ್ನೇ ಹೇಳುತ್ತಾರೆ: ಜೋರು ಸದ್ದಿಗೆ ಮೀಟರ್ ಆಗೊಮ್ಮೆ ಈಗೊಮ್ಮೆ 12ರ ಗುರುತನ್ನು ದಾಟಿದರೆ ಸಾಕು. ಉಳಿದ 12 ಡಿಬಿ ಸುಮ್ನೆ ಖಾಲಿ ಬಿಟ್ಟಿದ್ದಲ್ಲ. ಯಾರೋ ಜೋರಾಗಿ ನಕ್ಕಾಗ, ಡೋಲಿಗೆ ಮೊದಲ ಪೆಟ್ಟು ಬಿದ್ದಾಗ ಬೇಕಾಗುವ ಜಾಗ ಅದು. ರೆಕಾರ್ಡಿಂಗ್‌ನಲ್ಲೇ ಒಡೆದದ್ದನ್ನು ಎಡಿಟಿಂಗ್‌ನಲ್ಲಿ ಇಳಿಸಿದರೆ ಏನಾಗುತ್ತದೆ ಗೊತ್ತಾ? ಒಡೆದ ಸೌಂಡೇ ಸಣ್ಣ ದನಿಯಲ್ಲಿ ಕೇಳುತ್ತದೆ. ತೀರಾ ಜೋರು ಸದ್ದನ್ನೂ ಒಡೆಯದೆ ಬರೆದಿಡುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದವರಿಗೆ ಮಾತ್ರ ಇದರಿಂದ ಬಹುಮಟ್ಟಿಗೆ ವಿನಾಯಿತಿ. ಅಲ್ಲೂ ಮೈಕೇ ತಡೆಯದಷ್ಟು ಸದ್ದು ಬಂದರೆ ಯಾವ ರೆಕಾರ್ಡರ್ ಕೂಡ ಕಾಪಾಡುವುದಿಲ್ಲ.

ಯಾವ ಪ್ರಶ್ನೆಗೆ ಯಾವ ಮೀಟರ್

ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಮೊದಲಿಂದ ಇರುವುದು ಪೀಕ್ ಮೀಟರ್. ಟೈಮ್‌ಲೈನ್ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ ಇರುತ್ತದಲ್ಲ, ಅದು. "ಸೌಂಡ್ ಒಡೆಯುತ್ತಾ?" ಎಂಬ ಒಂದೇ ಪ್ರಶ್ನೆಗೆ ಅದರ ಹತ್ತಿರ ಉತ್ತರ ಇದೆ. ತುದಿಯಲ್ಲಿರುವ ಕೆಂಪು ದೀಪ ಒಮ್ಮೆ ಹೊತ್ತಿದರೆ ಸಾಮಾನ್ಯವಾಗಿ ನೀವು ಕ್ಲಿಕ್ ಮಾಡಿ ಆರಿಸುವವರೆಗೆ ಹಾಗೇ ಇರುತ್ತದೆ. ಹಳೆಯ ಕೆಂಪನ್ನು ಈಗಿನದು ಅಂದುಕೊಂಡು ಗಾಬರಿಯಾಗುವವರು ತುಂಬಾ ಜನ. ಪ್ಲೇ ಮಾಡುವ ಮುಂಚೆ ಆ ದೀಪ ಆರಿಸಿಕೊಳ್ಳಿ.

"ಕಿವಿಗೆ ಎಷ್ಟು ಜೋರು ಅನ್ನಿಸುತ್ತೆ?" ಎಂದು ಪೀಕ್ ಮೀಟರನ್ನು ಕೇಳಬೇಡಿ. ಅದಕ್ಕೆ ಗೊತ್ತಿಲ್ಲ. ಡೋಲಿನ ಒಂದು ಪೆಟ್ಟು ಕೆಲವೇ ಮಿಲಿಸೆಕೆಂಡ್ ಇರುತ್ತದೆ, ಪೀಕ್ ಮೀಟರ್ ಮೈನಸ್ 2ಕ್ಕೆ ಹಾರುತ್ತದೆ. ನಾದಸ್ವರ ಎಡೆಬಿಡದೆ ಊದಿದಾಗ ಪೀಕ್ ಮೈನಸ್ 8ರಲ್ಲೇ ನಿಂತಿರಬಹುದು, ಆದರೆ ಕಿವಿಗೆ ಅದೇ ಜಾಸ್ತಿ ಜೋರು. ಕಿವಿ ಸದ್ದನ್ನು ಹೊತ್ತಿನ ಲೆಕ್ಕದಲ್ಲಿ ಕೂಡಿಸಿಕೊಂಡು ಕೇಳುತ್ತದೆ.

ಹಳೆಯ ಆಕಾಶವಾಣಿ ಸ್ಟುಡಿಯೊ ಫೋಟೊಗಳಲ್ಲಿ ಮುಳ್ಳು ಆಡುವ ಮೀಟರ್ ನೋಡಿರುತ್ತೀರಿ. ಅಂಥ ಮುಳ್ಳಿನ ಮೀಟರ್‌ಗಳಲ್ಲಿ ಹೆಚ್ಚು ಹೆಸರಾದದ್ದು ವಿಯು ಮೀಟರ್. ಅಮೆರಿಕದಲ್ಲಿ ಬೆಲ್ ಲ್ಯಾಬ್ಸ್ ಮತ್ತು ಅಲ್ಲಿನ ರೇಡಿಯೊ ಸಂಸ್ಥೆಗಳು ಸೇರಿ 1939ರಲ್ಲಿ ಅದಕ್ಕೊಂದು ಅಳತೆ ಗೊತ್ತುಮಾಡಿದವು. ಮುಳ್ಳು ಮೇಲೇರಲು 300 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕೇ ಮಾತಿನ ಏರಿಳಿತ ಅದರಲ್ಲಿ ಹಿತವಾಗಿ ಕಾಣುತ್ತದೆ, ಡೋಲಿನ ಪೆಟ್ಟು ಕಾಣುವುದೇ ಇಲ್ಲ. ಇಂದು ಇದನ್ನು ಪ್ಲಗಿನ್ (ಎಡಿಟಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಆಗಿ ಹಾಕಿಕೊಳ್ಳಬಹುದು, ನೋಡಲು ಚೆನ್ನಾಗಿರುತ್ತದೆ. ಆದರೆ ಒಂದೇ ಮೀಟರ್ ಸಾಕು ಅನ್ನುವವರು ಇದನ್ನು ಆರಿಸಬೇಡಿ.

ವಿಡಿಯೊ ಮಾಡುವವರಿಗೆ ನಿಜವಾಗಿ ಬೇಕಾದದ್ದು ಲೌಡ್‌ನೆಸ್ ಮೀಟರ್. ಅದು ಹುಟ್ಟಿದ ಕಾರಣ ನಮಗೆಲ್ಲ ಗೊತ್ತಿರುವುದೇ. ಧಾರಾವಾಹಿ ಮಧ್ಯೆ ಜಾಹೀರಾತು ಬಂದ ಕೂಡಲೇ ಮನೆಯಲ್ಲಿ ಯಾರಾದರೂ ರಿಮೋಟ್‌ಗೆ ಕೈ ಹಾಕುತ್ತಾರೆ, ಅಲ್ವಾ? ಪೀಕ್ ಮೀಟರಿನಲ್ಲಿ ಎರಡೂ ಒಂದೇ ಮಟ್ಟ. ಆದರೆ ಜಾಹೀರಾತಿನ ಸದ್ದನ್ನು ಒತ್ತಿ ಒತ್ತಿ ತುಂಬಿರುತ್ತಾರೆ, ಉಸಿರಾಡಲೂ ಸಂದು ಇರುವುದಿಲ್ಲ. ಪ್ರಪಂಚದ ಎಲ್ಲ ಕಡೆ ಇದೇ ದೂರು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿಎಸ್ 1770 ಎಂಬ ಅಳತೆಯ ಕ್ರಮ ಕೊಟ್ಟಿತು. ಅದರ ಮೇಲೆ ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಆರ್ 128 ನಿಯಮ ತಂದಿತು. ಅಮೆರಿಕದಲ್ಲಿ ಜಾಹೀರಾತಿನ ಸದ್ದಿಗೆಂದೇ ಕಾನೂನು ಬಂತು, 2012ರ ಡಿಸೆಂಬರ್‌ನಿಂದ ಜಾರಿಯಾಯಿತು.

ಈ ಕ್ರಮದಲ್ಲಿ ಬರುವ ಅಳತೆಯೇ ಎಲ್‌ಯುಎಫ್‌ಎಸ್. ಬಾಯಲ್ಲಿ ಲಫ್ಸ್ ಅಂತಲೇ ಹೇಳುತ್ತೇವೆ. ಮನುಷ್ಯರ ಕಿವಿಯ ಸ್ವಭಾವ ನೋಡಿ ಮಾಡಿದ ಅಳತೆ. ತೀರಾ ತಗ್ಗು ಗುಡುಗಿಗೆ ಕಮ್ಮಿ ಬೆಲೆ, ಮಾತು ಸ್ಪಷ್ಟವಾಗುವ ಎತ್ತರದ ದನಿಗೆ ಜಾಸ್ತಿ ಬೆಲೆ. ಒಂದೇ ಮೀಟರಿನಲ್ಲಿ ಮೂರು ಅಂಕಿ ಕಾಣುತ್ತವೆ. ಮೊಮೆಂಟರಿ ಅನ್ನುವುದು 400 ಮಿಲಿಸೆಕೆಂಡಿನ ಅಳತೆ, ಕಣ್ಣು ಮುಚ್ಚಿ ಬಿಡುವಷ್ಟು ಹೊತ್ತಿನದು. ಶಾರ್ಟ್ ಟರ್ಮ್ ಅನ್ನುವುದು 3 ಸೆಕೆಂಡಿನದು, ಹೆಚ್ಚುಕಡಿಮೆ ಒಂದು ವಾಕ್ಯದಷ್ಟು. ಇಂಟಿಗ್ರೇಟೆಡ್ ಅನ್ನುವುದು ಮೊದಲಿಂದ ಕೊನೆವರೆಗಿನ ಒಟ್ಟು ಲೆಕ್ಕ. ನಾನು ಎಡಿಟ್ ಮಾಡುವಾಗ ಪೂರ್ತಿ ನೋಡುವುದು ನಡುವಿನ ಶಾರ್ಟ್ ಟರ್ಮ್ ಅಂಕಿಯನ್ನೇ. ಒಟ್ಟು ಲೆಕ್ಕ ಕೊನೆಯಲ್ಲಿ ಸಾಕು.

ಇನ್ನೊಂದು ಅಂಕಿ ಟ್ರೂ ಪೀಕ್. ಮಾಮೂಲಿ ಪೀಕ್ ಮೀಟರ್ ಡಿಜಿಟಲ್ ಚುಕ್ಕೆಗಳನ್ನು ಮಾತ್ರ ನೋಡುತ್ತದೆ. ಅದೇ ಸದ್ದು ಸ್ಪೀಕರ್‌ಗೆ ಹೋಗುವಾಗ ಚುಕ್ಕೆಗಳ ನಡುವೆ ಅಲೆ ಇನ್ನೂ ಮೇಲೇಳಬಹುದು. ಚುಕ್ಕೆಗಳೆಲ್ಲ ಸೊನ್ನೆಯ ಕೆಳಗೇ ಇದ್ದರೂ ಅಲೆ ಸೊನ್ನೆ ದಾಟಿರಬಹುದು. ಟ್ರೂ ಪೀಕ್ ಮೀಟರ್ ನಡುವಿನ ಆ ಏರನ್ನೂ ಲೆಕ್ಕ ಹಾಕುತ್ತದೆ.

ಕೊನೆಯದು ಫೇಸ್ ಅಥವಾ ಕೋರಿಲೇಶನ್ ಮೀಟರ್. ಹೆಚ್ಚಿನವರು ಇದನ್ನು ತೆರೆಯುವುದೇ ಇಲ್ಲ. ನಾನೂ ತೆರೆಯುತ್ತಿರಲಿಲ್ಲ. ಅದಕ್ಕೆ ಕೆಳಗೆ ಬರುತ್ತೇನೆ.

ಯಾವುದನ್ನು ಹಾಕಿಕೊಳ್ಳಬೇಕು

ದುಡ್ಡು ಕೊಡುವ ಅಗತ್ಯ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಉಚಿತ ಆವೃತ್ತಿಯ ಫೇರ್‌ಲೈಟ್ ಪುಟದಲ್ಲೇ ಲೌಡ್‌ನೆಸ್ ಮೀಟರ್ ಇದೆ. ಪ್ರೀಮಿಯರ್ ಪ್ರೊದಲ್ಲಿ ಲೌಡ್‌ನೆಸ್ ಮೀಟರ್ ಎಂಬ ಎಫೆಕ್ಟ್ ಇದೆ, ಹಳೆಯ ಆವೃತ್ತಿಗಳಲ್ಲಿ ಅದರ ಜಾಗದಲ್ಲಿ ಲೌಡ್‌ನೆಸ್ ರಾಡಾರ್ ಸಿಗುತ್ತದೆ. ಎರಡನ್ನೂ ಆಡಿಯೊ ಟ್ರ್ಯಾಕ್ ಮಿಕ್ಸರ್‌ನ ಮಿಕ್ಸ್ ಟ್ರ್ಯಾಕ್ ಮೇಲೆ ಹಾಕಬೇಕು. ಹಳೆಯ ಲ್ಯಾಪ್‌ಟಾಪ್ ಇದ್ದವರು ಶಾಟ್‌ಕಟ್ ನೋಡಿ. ಪೂರ್ತಿ ಉಚಿತ, ಅದರ ಸ್ಕೋಪ್‌ಗಳ ಪಟ್ಟಿಯಲ್ಲಿ ಆಡಿಯೊ ಲೌಡ್‌ನೆಸ್ ಇದೆ. ಪ್ಲಗಿನ್ ಹಾಕಲು ಬರುವ ಸಾಫ್ಟ್‌ವೇರ್ ಆದರೆ ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಸಾಕು. ಅದರಲ್ಲಿ ಸದ್ದಿನ ಏರಿಳಿತ ಹೊತ್ತಿನ ಜೊತೆ ಗೆರೆಯಾಗಿ ಮೂಡುತ್ತದೆ. ಎಲ್ಲಿ ಗುಂಡಿ, ಎಲ್ಲಿ ದಿಬ್ಬ ಅಂತ ಒಂದೇ ನೋಟಕ್ಕೆ ಗೊತ್ತಾಗುವುದರಿಂದ ನನಗೆ ಅದು ಇಷ್ಟ.

ಆರಿಸುವಾಗ ನಾಲ್ಕು ವಿಷಯ ನೋಡಿ. ಇಂಟಿಗ್ರೇಟೆಡ್ ಮತ್ತು ಶಾರ್ಟ್ ಟರ್ಮ್ ಎರಡೂ ಒಟ್ಟಿಗೆ ಕಾಣಬೇಕು. ಟ್ರೂ ಪೀಕ್ ಇರಬೇಕು. ಮತ್ತೆ ಮೊದಲಿಂದ ಅಳೆಯಲು ರೀಸೆಟ್ ಬಟನ್ ಇರಬೇಕು. ಎಡಿಟ್ ಮಾಡುತ್ತಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟುಕೊಳ್ಳಲು ಬರಬೇಕು. ಈ ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮೂರು ಮೆನು ದಾಟಿ ತೆರೆಯಬೇಕಾದ ಮೀಟರನ್ನು ಎರಡನೇ ದಿನದಿಂದ ಯಾರೂ ತೆರೆಯುವುದಿಲ್ಲ.

ಅಂಕಿ ಓದುವಾಗ ಒಂದು ಎಚ್ಚರ. ಕೆಲವು ಮೀಟರ್‌ಗಳು ಗುರಿಯನ್ನೇ 0 ಅಂತ ತೋರಿಸುತ್ತವೆ, ಪಕ್ಕದಲ್ಲಿ ಎಲ್‌ಯು (ಲೌಡ್‌ನೆಸ್ ಯೂನಿಟ್) ಅಂತ ಇರುತ್ತದೆ. ಅಲ್ಲಿ ಪ್ಲಸ್ 2 ಅಂದರೆ ಗುರಿಗಿಂತ 2 ಜಾಸ್ತಿ ಅಂತ ಅರ್ಥ, ಒಡೆಯಿತು ಅಂತಲ್ಲ. ಇದರ 0 ಬೇರೆ, ಪೀಕ್ ಮೀಟರಿನ 0 ಬೇರೆ. ಗೊಂದಲ ಬೇಡ ಅಂದರೆ ಸೆಟ್ಟಿಂಗ್‌ನಲ್ಲಿ ಎಲ್‌ಯುಎಫ್‌ಎಸ್ ಅಳತೆಗೆ ಬದಲಾಯಿಸಿಕೊಳ್ಳಿ.

ಮೀಟರನ್ನು ಎಲ್ಲಿ ಕೂರಿಸಬೇಕು? ಎಲ್ಲಕ್ಕಿಂತ ಕೊನೆಗೆ. ಮುಖ್ಯ ಔಟ್‌ಪುಟ್ ಮೇಲೆ, ಕಂಪ್ರೆಸರ್ (ಜೋರು ತಗ್ಗಿನ ಅಂತರ ಕುಗ್ಗಿಸುವುದು), ಲಿಮಿಟರ್ (ಸದ್ದು ಗೊತ್ತುಮಾಡಿದ ಮಟ್ಟ ದಾಟದಂತೆ ತಡೆಯುವುದು) ಎಲ್ಲ ಆದ ನಂತರ. ಲಿಮಿಟರ್‌ಗಿಂತ ಮುಂಚೆ ಇಟ್ಟರೆ ಅದು ತೋರಿಸುವ ಸದ್ದು ಬೇರೆ, ಫೈಲಿಗೆ ಹೋಗುವ ಸದ್ದು ಬೇರೆ.

ಕೇಳುವ ವಾಲ್ಯೂಮ್ ಕಟ್ಟಿಹಾಕಿ

ಮೀಟರ್ ಮುಟ್ಟುವ ಮುಂಚೆ ಈ ಕೆಲಸ. ನೀವು ಮೊದಲೇ ನೋಡಿದ, ಮಾತು ಹಿತವಾಗಿರುವ ಒಂದು ವಿಡಿಯೊ ಹಾಕಿ. ಹೆಡ್‌ಫೋನ್ ಅಥವಾ ಸ್ಪೀಕರ್‌ನಲ್ಲಿ ಆ ಮಾತು ಆರಾಮವಾಗಿ ಕೇಳುವ ಮಟ್ಟಕ್ಕೆ ಗುಂಡಿ ತಿರುಗಿಸಿ. ಅಲ್ಲೊಂದು ಪೆನ್ನಿನ ಗುರುತು ಹಾಕಿ. ಕಂಪ್ಯೂಟರ್‌ನ ವಾಲ್ಯೂಮ್ ಆದರೆ ಅದರ ಅಂಕಿ ಬರೆದಿಟ್ಟುಕೊಳ್ಳಿ. ಇನ್ನು ಎಡಿಟ್ ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಯಾವುದೋ ಜಾಗದಲ್ಲಿ ಕೇಳಲಿಲ್ಲ ಅನ್ನಿಸಿದರೆ ಕೈ ಗುಂಡಿಗೆ ಹೋಗಬಾರದು, ಟೈಮ್‌ಲೈನಿಗೆ ಹೋಗಬೇಕು. ನನ್ನ ಗುಂಡಿಯ ಮೇಲೆ ಈಗ ಬಿಳಿ ಟೇಪಿನ ಚೂರೊಂದು ಅಂಟಿಕೊಂಡೇ ಇರುತ್ತದೆ.

ಧಾರೆ ಮುಹೂರ್ತದ 14 ನಿಮಿಷ

ಆ ಮದುವೆಯ ಮುಹೂರ್ತದ ಭಾಗವನ್ನು ಹೇಗೆ ಸರಿಮಾಡಿದೆ ಅಂತ ಹೇಳುತ್ತೇನೆ. ನಿಮ್ಮ ವಿಡಿಯೊ ಬೇರೆ ಇರಬಹುದು, ಕ್ರಮ ಇದೇ.

ಮೊದಲು ಏನನ್ನೂ ಬದಲಾಯಿಸದೆ ಮೀಟರ್ ರೀಸೆಟ್ ಮಾಡಿ, 14 ನಿಮಿಷವನ್ನೂ ಪೂರ್ತಿ ಪ್ಲೇ ಮಾಡಿದೆ. ಒಟ್ಟು ಲೆಕ್ಕ ಮೈನಸ್ 13ರ ಹತ್ತಿರ ಬಂತು. ಯೂಟ್ಯೂಬ್‌ಗೆ ಮೈನಸ್ 14 ಅಂತ ಎಲ್ಲರೂ ಹೇಳುತ್ತಾರಲ್ಲ, ಇದು ಸರಿಯಾಗೇ ಇದೆಯಲ್ಲ ಅನ್ನಿಸಿತು. ಆದರೆ ಮಂತ್ರ ಕೇಳುತ್ತಿರಲಿಲ್ಲ. ಶಾರ್ಟ್ ಟರ್ಮ್ ನೋಡಿದಾಗ ಗುಟ್ಟು ಬಯಲಾಯಿತು. ಮಂತ್ರ ಹೇಳುವ ಸುಮಾರು 10 ನಿಮಿಷ ಮೈನಸ್ 31. ಗಟ್ಟಿಮೇಳದ 3 ನಿಮಿಷ ಮೈನಸ್ 13. ನಡುವೆ 18 ಡಿಬಿ ಅಂತರ.

ಹಾಗಾದರೆ ಒಟ್ಟು ಲೆಕ್ಕದಲ್ಲಿ ಮಂತ್ರ ಎಲ್ಲಿ ಹೋಯಿತು? ಲೆಕ್ಕಕ್ಕೇ ಬರಲಿಲ್ಲ. ಈ ಮೀಟರ್ ಮೌನವನ್ನು ಬಿಟ್ಟು ಅಳೆಯುತ್ತದೆ. ಮೈನಸ್ 70ಕ್ಕಿಂತ ಕೆಳಗಿನದನ್ನು ಮೊದಲೇ ತಳ್ಳಿಬಿಡುತ್ತದೆ. ಉಳಿದದ್ದರ ಸರಾಸರಿ ತೆಗೆದು, ಆ ಸರಾಸರಿಗಿಂತ 10 ಎಲ್‌ಯು ಕೆಳಗಿರುವ ಭಾಗವನ್ನೂ ಬಿಟ್ಟು, ಮಿಕ್ಕಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಮಾತಿನ ನಡುವಿನ ನಿಶ್ಶಬ್ದದಿಂದ ಅಂಕಿ ಕೆಡದಿರಲಿ ಅಂತ ಈ ಏರ್ಪಾಡು. ನನ್ನ ವಿಡಿಯೊದಲ್ಲಿ ಸರಾಸರಿ ಮೈನಸ್ 19ರ ಆಸುಪಾಸು, ಅದಕ್ಕಿಂತ 10 ಕೆಳಗೆ ಅಂದರೆ ಮೈನಸ್ 29. ಮೈನಸ್ 31ರಲ್ಲಿದ್ದ ಮಂತ್ರ ಪೂರ್ತಿ ಹೊರಗೆ ಬಿತ್ತು. ಮೀಟರ್ ತೋರಿಸುತ್ತಿದ್ದದ್ದು ಬರೀ ಗಟ್ಟಿಮೇಳದ ಅಂಕಿ. ಇಂಟಿಗ್ರೇಟೆಡ್ ಒಂದನ್ನೇ ನಂಬಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಯಕ್ಷಗಾನ, ನಾಟಕ, ಮದುವೆ, ಜಾತ್ರೆ, ಹೀಗೆ ತಗ್ಗು ದನಿ ಮತ್ತು ಜೋರು ವಾದ್ಯ ಎರಡೂ ಇರುವ ಯಾವ ವಿಡಿಯೊದಲ್ಲೂ ಹೀಗಾಗಬಹುದು.

ಆಮೇಲೆ ಮಾತಿಗೆ ಕೈ ಹಾಕಿದೆ. ಯಾವಾಗಲೂ ಮಾತು ಮೊದಲು, ವಾದ್ಯ ಆಮೇಲೆ, ಹಿನ್ನೆಲೆ ಸಂಗೀತ ಎಲ್ಲಕ್ಕಿಂತ ಕೊನೆಗೆ. ಮಂತ್ರದ ಕ್ಲಿಪ್‌ಗಳನ್ನು ಆರಿಸಿ ಗೇನ್ 11 ಡಿಬಿ ಏರಿಸಿದೆ. ಶಾರ್ಟ್ ಟರ್ಮ್ ಮೈನಸ್ 20ಕ್ಕೆ ಬಂತು. ಲೆಕ್ಕ ಸುಲಭ: 1 ಎಲ್‌ಯು ಅಂದರೆ 1 ಡಿಬಿ. ಮೈನಸ್ 31ನ್ನು ಮೈನಸ್ 20 ಮಾಡಬೇಕಾದರೆ 11. ಇದನ್ನು ಕ್ಲಿಪ್ ಗೇನ್‌ನಲ್ಲೇ ಮಾಡಿ, ಇಡೀ ಟ್ರ್ಯಾಕ್‌ನ ಮಟ್ಟ ಏರಿಳಿಸುವ ಫೇಡರ್‌ನಲ್ಲಿ ಅಲ್ಲ. ಫೇಡರ್ ಸೊನ್ನೆಯಲ್ಲೇ ಇದ್ದರೆ ಕೊನೆಯ ಸಣ್ಣಪುಟ್ಟ ಹೊಂದಾಣಿಕೆಗೆ ಅದು ಕೈಗೆ ಸಿಗುತ್ತದೆ.

11 ಡಿಬಿ ಏರಿಸಿದಾಗ ಛತ್ರದ ಫ್ಯಾನು, ಹಿಂದಿನ ಸಾಲಿನ ಮಾತುಕತೆ ಎಲ್ಲವೂ 11 ಡಿಬಿ ಏರುತ್ತವೆ. ಇದಕ್ಕೆ ಮೀಟರ್ ಏನೂ ಮಾಡಲಾಗದು. ಪುರೋಹಿತರ ಹತ್ತಿರ ಒಂದು ಕಾಲರ್ ಮೈಕ್ ಇಡುವುದೊಂದೇ ದಾರಿ, ಅದು ಮುಂದಿನ ಮದುವೆಗಾಯಿತು. ಇಲ್ಲಿ ಫ್ಯಾನಿನ ಗುಂಯ್ ಸದ್ದನ್ನು ಸ್ವಲ್ಪ ತೆಗೆದೆ. ಪೂರ್ತಿ ತೆಗೆಯಲು ಹೋದರೆ ಮಂತ್ರ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ, ಅದರ ಬದಲು ಫ್ಯಾನು ಇರಲಿ.

ಇನ್ನು ಗಟ್ಟಿಮೇಳ. ಮಂಟಪದ ಹತ್ತಿರದ ಕ್ಯಾಮೆರಾದಲ್ಲಿ ಸೌಂಡ್ ಒಡೆದಿತ್ತು. ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡಿದರೆ ಡೋಲಿನ ಪೆಟ್ಟುಗಳ ತಲೆ ಕತ್ತರಿಯಲ್ಲಿ ಸವರಿದ ಹಾಗೆ ಚಪ್ಪಟೆ. ಪುಣ್ಯಕ್ಕೆ ಛತ್ರದ ಹಿಂದೆ ಇದ್ದ ಎರಡನೇ ಕ್ಯಾಮೆರಾದಲ್ಲಿ ಪೀಕ್ ಮೈನಸ್ 9ರಷ್ಟೇ ಇತ್ತು. ಆ 3 ನಿಮಿಷಕ್ಕೆ ಚಿತ್ರ ಹತ್ತಿರದ ಕ್ಯಾಮೆರಾದ್ದು, ಸೌಂಡ್ ದೂರದ್ದು. ಸ್ವಲ್ಪ ಗುಡುಗು ಸೇರಿತು, ಆದರೆ ಛತ್ರದ ಗಟ್ಟಿಮೇಳ ಅಂದರೆ ಹಾಗೇ ಇರುತ್ತದೆ. ಅದನ್ನು ಶಾರ್ಟ್ ಟರ್ಮ್ ಮೈನಸ್ 14ಕ್ಕೆ ಇಟ್ಟೆ.

ಈಗ ಮಂತ್ರಕ್ಕೂ ಗಟ್ಟಿಮೇಳಕ್ಕೂ 6 ಡಿಬಿ ಅಂತರ. ಎರಡನ್ನೂ ಒಂದೇ ಮಟ್ಟಕ್ಕೆ ತರಬಹುದಿತ್ತು. ತರಬಾರದು ಅಂತ ನನ್ನ ಅಭಿಪ್ರಾಯ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ ಓಲಗ ಎದ್ದು ಬರಬೇಕು, ಅಕ್ಷತೆ ಬೀಳುವ ಕ್ಷಣಕ್ಕೆ ಮೈ ಜುಮ್ ಅನ್ನಬೇಕು. ಆ ಏರು ಉಳಿಯಬೇಕು, ರಿಮೋಟ್ ಹುಡುಕುವಷ್ಟು ಇರಬಾರದು. ನನ್ನ ಅನುಭವದಲ್ಲಿ ಮನೆಯ ಟಿವಿಗೆ 6ರಿಂದ 8 ಡಿಬಿ ಏರು ಹಿತ. ಗಟ್ಟಿಮೇಳ ಶುರುವಾಗುವ ಜಾಗದಲ್ಲಿ ಅರ್ಧ ಸೆಕೆಂಡಿನ ಫೇಡ್ ಕೂಡ ಹಾಕಲಿಲ್ಲ. ಮೊದಲ ಪೆಟ್ಟು ಪೆಟ್ಟಾಗಿಯೇ ಕೇಳಲಿ ಅಂತ.

ಕೊನೆಗೆ ಮುಖ್ಯ ಔಟ್‌ಪುಟ್ ಮೇಲೆ ಲಿಮಿಟರ್ ಹಾಕಿ, ಚಾವಣಿಯನ್ನು ಟ್ರೂ ಪೀಕ್ ಮೈನಸ್ 1.5ಕ್ಕೆ ಇಟ್ಟೆ. ಡೋಲಿನ ಜೋರು ಪೆಟ್ಟುಗಳಲ್ಲಿ ಮಾತ್ರ ಅದು 1, 2 ಡಿಬಿ ಹಿಡಿಯಿತು. ಲಿಮಿಟರ್ ಎಷ್ಟು ಹಿಡಿಯುತ್ತಿದೆ ಅಂತ ತೋರಿಸಲು ಅದಕ್ಕೂ ಒಂದು ಸಣ್ಣ ಮೀಟರ್ ಇರುತ್ತದೆ. ಅದು ಸದಾ 5, 6 ಡಿಬಿ ತೋರಿಸುತ್ತಿದ್ದರೆ ಡೋಲು ಡಬ್ಬದ ಸದ್ದಾಗುತ್ತದೆ. ಆಗ ಹಿಂದೆ ಹೋಗಿ ಕ್ಲಿಪ್ ಗೇನ್ ಇಳಿಸಿ. ಮತ್ತೆ ರೀಸೆಟ್ ಮಾಡಿ ಪೂರ್ತಿ ಪ್ಲೇ ಮಾಡಿದೆ. ಒಟ್ಟು ಮೈನಸ್ 17.6. ಈ ಸಲ ಮಂತ್ರವೂ ಲೆಕ್ಕದಲ್ಲಿತ್ತು.

ಎರಡೂ ಪಟ್ಟಿ ಕುಣಿಯುತ್ತಿದ್ದರೂ ದನಿ ಮಾಯ

ಹೇಳಿದ್ದೆನಲ್ಲ, ಫೇಸ್ ಮೀಟರ್ ವಿಷಯ. ಒಂದು ತಾಳಮದ್ದಳೆ ರೆಕಾರ್ಡ್ ಮಾಡಿದ್ದೆ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದ ನೇರವಾಗಿ ಕ್ಯಾಮೆರಾದ ಮೈಕ್ ಜ್ಯಾಕ್‌ಗೆ ವೈರ್ ಎಳೆದುಕೊಂಡೆ. ಎಡ, ಬಲ ಎರಡೂ ಪಟ್ಟಿ ಮೈನಸ್ 12ರ ಹತ್ತಿರ ಚೆನ್ನಾಗಿ ಕುಣಿಯುತ್ತಿದ್ದವು. ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ಕೇಳಿದರೆ ಭಾಗವತರ ಪದ, ಅರ್ಥಧಾರಿಗಳ ಮಾತು ಎಲ್ಲ ಇದೆ. ದನಿ ತಲೆಯ ನಡುವೆ ನಿಲ್ಲದೆ ಎರಡು ಪಕ್ಕಕ್ಕೆ ಹರಡಿದಂತಿತ್ತು, ಅಷ್ಟೇ. ಹಾಕಿದ ದಿನವೇ ದೊಡ್ಡಪ್ಪ ಫೋನ್ ಮಾಡಿದರು: "ಮಾತೇ ಬರ್ತಾ ಇಲ್ವಲ್ಲ ಮಾರಾಯ, ಎಲ್ಲೋ ಬಾವಿ ಒಳಗೆ ಕೂತು ಗೊಣಗಿದ ಹಾಗೆ ಕೇಳ್ತದೆ." ಅವರು ನೋಡಿದ್ದು ಒಂದೇ ಸ್ಪೀಕರ್ ಇರುವ ಫೋನ್‌ನಲ್ಲಿ.

ಆದದ್ದು ಇಷ್ಟು. ಮಿಕ್ಸರ್‌ನ ಬ್ಯಾಲೆನ್ಸ್‌ಡ್ ಔಟ್‌ನಲ್ಲಿ ಎರಡು ತಂತಿಗಳಲ್ಲಿ ಒಂದೇ ಸದ್ದು ಹೋಗುತ್ತದೆ. ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ದಾರಿಯ ಗೊರಗೊರ ಸದ್ದನ್ನು ಕಳೆಯಲು ಈ ಉಪಾಯ. ಕ್ಯಾಮೆರಾದ ಜ್ಯಾಕ್ ಸ್ಟೀರಿಯೊ. ಅದು ನೇರ ಅಲೆಯನ್ನು ಎಡ ಅಂತ, ತಲೆಕೆಳಗಾದ ಅಲೆಯನ್ನು ಬಲ ಅಂತ ತೆಗೆದುಕೊಂಡಿತು. ಒಂದೇ ಸ್ಪೀಕರ್ ಇರುವ ಫೋನ್ ಎಡ ಬಲ ಎರಡನ್ನೂ ಕೂಡಿಸುತ್ತದೆ. ಏರು ಇರುವಲ್ಲಿ ಇಳಿವು ಸೇರಿ ದನಿ ಅಳಿಸಿಹೋಯಿತು. ಪೀಕ್ ಮೀಟರ್‌ಗೂ ಲೌಡ್‌ನೆಸ್ ಮೀಟರ್‌ಗೂ ಇದು ಕಾಣುವುದೇ ಇಲ್ಲ. ಅವು ಎಡ ಬಲಗಳನ್ನು ಬೇರೆ ಬೇರೆ ಅಳೆಯುತ್ತವೆ.

ಕೋರಿಲೇಶನ್ ಮೀಟರಿನಲ್ಲಿ ಪ್ಲಸ್ 1ರಿಂದ ಮೈನಸ್ 1ರವರೆಗೆ ಒಂದು ಅಳತೆಪಟ್ಟಿ ಇರುತ್ತದೆ. ಎಡ ಬಲ ಒಂದೇ ಆದರೆ ಪ್ಲಸ್ 1. ಹರಡಿದ ಸ್ಟೀರಿಯೊ ಸಂಗೀತ 0ಗೂ 1ಕ್ಕೂ ನಡುವೆ ಓಡಾಡುತ್ತದೆ, ಅದು ಸರಿಯೇ. ಮಾತಿನ ಜಾಗದಲ್ಲಿ ಮುಳ್ಳು ಮೈನಸ್ ಕಡೆಗೇ ನಿಂತಿದ್ದರೆ ಅಲ್ಲೇ ನಿಲ್ಲಿಸಿ ನೋಡಿ. ನನ್ನದು ಮೈನಸ್ 1ಕ್ಕೆ ಅಂಟಿಕೊಂಡಿತ್ತು.

ಸರಿ ಮಾಡಲು ಎರಡು ನಿಮಿಷ ಸಾಕು. ಬಲ ಚಾನೆಲ್ ಬಿಟ್ಟುಬಿಟ್ಟು ಎಡ ಚಾನೆಲನ್ನೇ ಎರಡೂ ಕಡೆಗೆ ಹಾಕಿ. ಪ್ರೀಮಿಯರ್‌ನಲ್ಲಿ ಇದಕ್ಕೆಂದೇ ಎಫೆಕ್ಟ್ ಇದೆ, ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ ಮೊನೊ ಮಾಡಬಹುದು. ಕಾಲರ್ ಮೈಕಿನ ದನಿ ಒಂದೇ ಕಿವಿಗೆ ಬರುತ್ತಿದ್ದರೂ ಇದೇ ಮದ್ದು. ಫೇಸ್ ಮೀಟರ್ ಇಲ್ಲದವರು ಫೋನ್‌ಗೆ ಕಳಿಸಿ, ಇಯರ್‌ಫೋನ್ ತೆಗೆದು, ಒಂದು ನಿಮಿಷ ಕೇಳಿ. ಆದಷ್ಟು ಹಳೆಯ ಫೋನ್ ಇರಲಿ.

ಎಷ್ಟಕ್ಕೆ ನಿಲ್ಲಿಸಬೇಕು

ಯೂಟ್ಯೂಬ್ ಸುಮಾರು ಮೈನಸ್ 14ಕ್ಕೆ ಹೊಂದಿಸುತ್ತದೆ. ಅದಕ್ಕಿಂತ ಜೋರಾಗಿರುವುದನ್ನು ಇಳಿಸುತ್ತದೆ, ಮೆತ್ತಗಿರುವುದನ್ನು ಏರಿಸುವುದಿಲ್ಲ. ಹಾಗಾಗಿ ಮೈನಸ್ 9ಕ್ಕೆ ಒತ್ತಿ ತುಂಬಿದರೆ ಲಾಭ ಏನೂ ಇಲ್ಲ. 5 ಡಿಬಿ ಇಳಿಸಿಯೇ ಕೇಳಿಸುತ್ತಾರೆ, ಒತ್ತಿದ ಗಾಯ ಮಾತ್ರ ಉಳಿಯುತ್ತದೆ. ಬರೀ ಮಾತಿನ ವಿಡಿಯೊ, ಪಾಠ, ಅಡುಗೆ ಇಂಥವನ್ನು ಮೈನಸ್ 14ರಿಂದ 16ರೊಳಗೆ ಆರಾಮವಾಗಿ ತರಬಹುದು. ಮಾತಿನ ಕೆಳಗೆ ಸಂಗೀತ ಹಾಕುವುದಾದರೆ ಮಾತಿಗಿಂತ 15ರಿಂದ 20 ಡಿಬಿ ಕೆಳಗಿರಲಿ. ಮಾತು ನಿಲ್ಲಿಸಿ ಸಂಗೀತ ಒಂದನ್ನೇ ಪ್ಲೇ ಮಾಡಿ ಶಾರ್ಟ್ ಟರ್ಮ್ ನೋಡಿದರೆ ಗೊತ್ತಾಗುತ್ತದೆ. ಮದುವೆ, ಯಕ್ಷಗಾನ, ಕಛೇರಿಗಳಿಗೆ ಮೈನಸ್ 16, 18 ಬಂದರೂ ಚಿಂತೆ ಬೇಡ. ಆ ಅಂಕಿ ಮುಟ್ಟಿಸಲೆಂದು ಚೆಂಡೆಯ ಪೆಟ್ಟು ಚಪ್ಪಟೆ ಮಾಡುವುದಕ್ಕಿಂತ ಇದೇ ಒಳ್ಳೆಯದು.

ಪಾಡ್‌ಕಾಸ್ಟ್ ಆದರೆ ಆಪಲ್ ಹೇಳುವುದು ಮೈನಸ್ 16, ಟ್ರೂ ಪೀಕ್ ಮೈನಸ್ 1. ಯುರೋಪಿನ ಟಿವಿಗೆ ಮೈನಸ್ 23, ಅಮೆರಿಕದ ಟಿವಿಗೆ ಮೈನಸ್ 24. ನೆಟ್‌ಫ್ಲಿಕ್ಸ್ ಇನ್ನೂ ಕೆಳಗೆ, ಮಾತನ್ನು ಮಾತ್ರ ಅಳೆದು ಮೈನಸ್ 27 ಕೇಳುತ್ತದೆ, ಆಚೀಚೆ 2ರವರೆಗೆ ಬಿಡುತ್ತದೆ. ಯಾವುದಾದರೂ ಚಾನೆಲ್‌ಗೆ ಕೆಲಸ ಮಾಡಿಕೊಡುವುದಾದರೆ ಊಹೆ ಬೇಡ. ಅವರ ಬೇಡಿಕೆಯನ್ನು ಬರವಣಿಗೆಯಲ್ಲಿ ಕೇಳಿ ತೆಗೆದುಕೊಂಡು ಆಮೇಲೆ ಮಿಕ್ಸಿಂಗ್‌ಗೆ ಕೂರಿ.

ಎಕ್ಸ್‌ಪೋರ್ಟ್ ಆದ ಮೇಲೆ

ಎಕ್ಸ್‌ಪೋರ್ಟ್ ಮಾಡುವಾಗ ಆಡಿಯೊ ಸಾಮಾನ್ಯವಾಗಿ ಎಎಸಿ ಎಂಬ ಕುಗ್ಗಿಸಿದ ರೂಪಕ್ಕೆ ಬದಲಾಗುತ್ತದೆ. ಹಾಗೆ ಕುಗ್ಗಿಸುವಾಗ ಪೀಕ್‌ಗಳು ಸ್ವಲ್ಪ ಮೇಲೇಳಬಹುದು. ಟ್ರೂ ಪೀಕ್ ಮೈನಸ್ 1 ಅಥವಾ 1.5ರಲ್ಲಿ ನಿಲ್ಲಿಸಿ ಅಂತ ಹೇಳುವುದು ಇದಕ್ಕೆ. ಎಕ್ಸ್‌ಪೋರ್ಟ್ ಆದ ಫೈಲನ್ನು ಹೊಸ ಟೈಮ್‌ಲೈನಿಗೆ ತಂದು, ಎಫೆಕ್ಟ್ ಏನೂ ಇಲ್ಲದೆ, ಇನ್ನೊಮ್ಮೆ ಅಳೆಯಿರಿ. ಒಂದು ಟ್ರ್ಯಾಕ್ ಮ್ಯೂಟ್ ಆಗಿ ಉಳಿದಿದ್ದರೆ, ಲಿಮಿಟರ್ ಆಫ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಯೂಟ್ಯೂಬ್‌ಗೆ ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಅಲ್ಲಿ ಕಂಟೆಂಟ್ ಲೌಡ್‌ನೆಸ್ ಅಂತ ಒಂದು ಅಂಕಿ ಇದೆ. ಪ್ಲಸ್ ಇದ್ದರೆ ಅಷ್ಟು ಡಿಬಿ ಇಳಿಸಿದ್ದಾರೆ ಅಂತ ಅರ್ಥ. ಮೈನಸ್ ಇದ್ದರೆ ಅಷ್ಟು ಮೆತ್ತಗಿದೆ, ಹಾಗೇ ಬಿಟ್ಟಿದ್ದಾರೆ. ನೋಡುವವರ ಕಡೆ ಸ್ಟೇಬಲ್ ವಾಲ್ಯೂಮ್ ಆನ್ ಇದ್ದರೆ ಏರಿಳಿತ ಇನ್ನಷ್ಟು ಸಮನಾಗುತ್ತದೆ, ಅದು ನಮ್ಮ ಕೈಯಲ್ಲಿಲ್ಲ.

ಆ ಮದುವೆಯ ಎರಡನೇ ಆವೃತ್ತಿಯ ಲಿಂಕನ್ನು ಮದುಮಗಳ ಅಮ್ಮನಿಗೆ ಕಳಿಸುವ ಮುಂಚೆ ಈ ಕಂಟೆಂಟ್ ಲೌಡ್‌ನೆಸ್ ಅಂಕಿ ನೋಡಿದೆ: ಮೈನಸ್ 3.6, ಅಂದರೆ ಯೂಟ್ಯೂಬಿನ ಮೈನಸ್ 14ಕ್ಕಿಂತ ಅಷ್ಟು ಕೆಳಗೆ. ನನ್ನ ಮೀಟರಿನ ಮೈನಸ್ 17.6ಕ್ಕೆ ಸರಿಯಾಗಿ ಹೊಂದುತ್ತಿತ್ತು. ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡೆ: ಮಂತ್ರ 20, ಗಟ್ಟಿಮೇಳ 14, ಪೀಕ್ 1.5, ಮುಂದಿನ ಸಲ ಪುರೋಹಿತರಿಗೆ ಕಾಲರ್ ಮೈಕ್.